ಹತ್ತರಲ್ಲಿ ಒಬ್ಬರಿಗೋ, ನಾಲ್ವರಲ್ಲಿ ಒಬ್ಬರಿಗೋ?

ಪ್ರಶ್ನೆ: ವಯಸ್ಸಾದವರ ‘ಫ್ರೇಲ್ಟಿ’ (ಮೈಬಲ ಕುಂದಿ ಸೊರಗುವ ಸ್ಥಿತಿ) ಹತ್ತರಲ್ಲಿ ಒಬ್ಬರಿಗಿದೆ ಎಂದು ಒಂದು ಕಡೆ, ನಾಲ್ವರಲ್ಲಿ ಒಬ್ಬರಿಗೆ ಎಂದು ಇನ್ನೊಂದು ಕಡೆ ಓದಿದೆ. ಯಾವುದು ಸರಿ? ನಮ್ಮ ತಾಯಿಗೆ 74. ಒಂದು ವರ್ಷದಿಂದ ಇಳಿದುಹೋಗಿದ್ದಾರೆ, ರವಿಕೆಗಳೆಲ್ಲ ಸಡಿಲ. ವಯಸ್ಸಾಯ್ತು ಅಂತ ಸುಮ್ಮನಿರಬಹುದೇ?
– ಓದುಗರು, ಹಾಸನ

ಉತ್ತರ: ಎರಡೂ ಸರಿ, ಅಳೆಯುವ ಬಗೆ ಬೇರೆ. 2001ರಲ್ಲಿ ಅಮೆರಿಕದ ವೈದ್ಯೆ ಲಿಂಡಾ ಫ್ರೈಡ್ ಅವರ ತಂಡ ಐದು ಲಕ್ಷಣಗಳನ್ನು ಗೊತ್ತುಮಾಡಿತು: ತಾನಾಗಿಯೇ ವರ್ಷದಲ್ಲಿ ಸುಮಾರು 4.5 ಕಿಲೊ ತೂಕ ಇಳಿಯುವುದು, ಸದಾ ಸುಸ್ತು, ಸಡಿಲ ಕೈಹಿಡಿತ, ನಿಧಾನ ನಡಿಗೆ, ಕಡಿಮೆ ಓಡಾಟ. ಮೂರು ಇದ್ದರೆ ಫ್ರೇಲ್ಟಿ, ಒಂದೆರಡಿದ್ದರೆ ಅದರ ಹೊಸ್ತಿಲು. ಇನ್ನೊಂದು ಲೆಕ್ಕ ಕಾಯಿಲೆ, ಮರೆವು, ಸ್ನಾನಕ್ಕೂ ನೆರವು ಬೇಕಾಗುವುದು ಹೀಗೆ ಹತ್ತಾರು ಕೊರತೆಗಳನ್ನು ಕೂಡಿಸುತ್ತದೆ; ಸಹಜವಾಗಿ ಹೆಚ್ಚು ಜನ ಸಿಗುತ್ತಾರೆ. 62 ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿದಾಗ 50 ದಾಟಿದವರಲ್ಲಿ ಮೊದಲ ಲೆಕ್ಕಕ್ಕೆ ಶೇ 12, ಎರಡನೆಯದಕ್ಕೆ ಶೇ 24 ಬಂತು. ವಯಸ್ಸೂ ಮುಖ್ಯ: 2012ರ ಒಂದು ಸಮೀಕ್ಷೆಯಲ್ಲಿ 65–69ರವರಲ್ಲಿ ಶೇ 4, 85 ದಾಟಿದವರಲ್ಲಿ ಶೇ 26. ಹೆಂಗಸರಲ್ಲೇ ಜಾಸ್ತಿ.

ತಾಯಿಯವರ ವಿಷಯದಲ್ಲಿ ಸುಮ್ಮನಿರಬೇಡಿ. ಮೊದಲು ತೂಕ ನೋಡಿ ಬರೆದಿಡಿ. ಆಮೇಲೆ ಹಜಾರದಲ್ಲಿ 4 ಮೀಟರ್ ಗುರುತು ಮಾಡಿ, ಒಂದು ಮೀಟರ್ ಹಿಂದಿನಿಂದಲೇ ಹೊರಡಿಸಿ, ಮೊದಲ ಗೆರೆ ದಾಟಿದಾಗಿನಿಂದ ಕೊನೆಯ ಗೆರೆ ದಾಟುವವರೆಗೆ ಸಮಯ ಎಣಿಸಿ. 5 ಸೆಕೆಂಡ್ ಮೀರಿದರೆ ನಡಿಗೆ ನಿಧಾನ. ‘ಬೇಗ ಬೇಗ’ ಎಂದು ಅವಸರಪಡಿಸಿದರೆ ಲೆಕ್ಕ ಕೆಟ್ಟಿತು. ಗೋಡೆಗೊರಗಿಸಿದ ಕುರ್ಚಿಯಿಂದ, ಕೈಗಳನ್ನು ಎದೆಗೆ ಕಟ್ಟಿ, ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಕಾಲಿನ ಸ್ನಾಯು ಸೋತಿದೆ ಎಂಬ ಅನುಮಾನ. ಮಂಡಿನೋವಿದ್ದರೆ ಇದನ್ನು ನೆಚ್ಚಬೇಡಿ, ಪಕ್ಕದಲ್ಲೊಬ್ಬರು ಇರಲೇಬೇಕು.

ತೂಕ ಇಳಿದದ್ದನ್ನು ಮುಪ್ಪಿನ ತಲೆಗೆ ಕಟ್ಟುವ ಮುನ್ನ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಷಯ, ಕ್ಯಾನ್ಸರ್, ಖಿನ್ನತೆ ಯಾವುದೂ ಆಗಿರಬಹುದು. ಹಲ್ಲಿನ ಸೆಟ್ ಸಡಿಲವಾಗಿ ಅಗಿಯಲಾಗದೆಯೂ ಇರಬಹುದು. ಎಲ್ಲ ಮಾತ್ರೆಗಳನ್ನೂ ಒಯ್ಯಿರಿ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಕೆಲವರ ಹಸಿವು ಕೊಲ್ಲುತ್ತದೆ.

ನಮ್ಮ ಹಿರಿಯರ ಊಟದಲ್ಲಿ ಸೋರಿಹೋಗುವುದು ಪ್ರೋಟೀನ್. ಬೆಳಿಗ್ಗೆ ಕಾಫಿ ಬಿಸ್ಕತ್ತು, ಮಧ್ಯಾಹ್ನ ತಿಳಿಸಾರು ಅನ್ನ, ರಾತ್ರಿ ಮಜ್ಜಿಗೆ ಅನ್ನ: ಹೊಟ್ಟೆ ತುಂಬುತ್ತದೆ, ಸ್ನಾಯುವಿಗೆ ಸಾಲದು. ಕಿಲೊ ತೂಕಕ್ಕೆ 1–1.2 ಗ್ರಾಂ ಲೆಕ್ಕದಲ್ಲಿ, 50 ಕಿಲೊ ಇದ್ದರೆ ದಿನಕ್ಕೆ 50–60 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ 6, 200 ಮಿಲಿ ಹಾಲಲ್ಲೂ ಸುಮಾರು ಅಷ್ಟೇ. ತಿಳಿಸಾರಿನ ಬದಲು ಗಟ್ಟಿ ತೊವ್ವೆ, ಕಾಳಿನ ಹುಳಿ ಮಾಡಿ. ಮೂತ್ರಪಿಂಡದ ತೊಂದರೆಯಿದ್ದರೆ ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬೇಡಿ. ಜೊತೆಗೆ ಕುರ್ಚಿಯಿಂದ ಎದ್ದು ಕೂರುವುದು ದಿನಕ್ಕೆರಡು ಹೊತ್ತು, 8–10 ಸಲ. ಮೊದಮೊದಲು ಕೈಯೂರಿಯೇ ಏಳಲಿ. ಬರೀ ವಾಕಿಂಗ್‌ನಿಂದ ತೊಡೆಗೆ ಬಲ ಬರುವುದು ಕಷ್ಟ.