ಪಾಸ್ ವಿಷಯ ಆಮೇಲೆ, ಮೊದಲು ಸೀಟ್ ನೋಡಿ

ಅಪ್ಪ-ಅಮ್ಮನ್ನ ಕರ್ಕೊಂಡು ಬೆಳಗಾವಿಯಿಂದ ಪ್ಯಾರಿಸ್, ಸ್ವಿಟ್ಜರ್ಲೆಂಡ್, ಇಟಲಿ ಸುತ್ತೋಕೆ ಯಾವ ರೈಲು ಪಾಸ್ ಒಳ್ಳೇದು ಅಂತ ಕೇಳಿದ್ದೀರಿ. ಯಾವುದೂ ಬೇಡ. ನಾನು ವಿಜಯಪುರದಿಂದ ನಮ್ಮವ್ವ, ಹೆಂಡತಿ ಜೊತೆ ಹೆಚ್ಚುಕಮ್ಮಿ ಇದೇ ದಾರಿ ಹಿಡಿದು ಹೋಗಿದ್ದೆ. ಯುರೋಪಿನ ಹಲವು ದೇಶಗಳ ರೈಲಿಗೆ ಆಗುವ ಯೂರೇಲ್ ಪಾಸ್ ಫೋನಿಗೆ ಬಂದಿತ್ತು, ಇನ್ನೇನು ಕೆಲಸ ಮುಗೀತು ಅಂದ್ಕೊಂಡಿದ್ದೆ.

ಪ್ಯಾರಿಸ್‌ನ ಗಾರ್ ದ ಲಿಯಾನ್ ನಿಲ್ದಾಣ. ಜಿನೀವಾಕ್ಕೆ ಹೋಗಬೇಕು. ಪ್ಲಾಟ್‌ಫಾರ್ಮಿಗೆ ಹೋಗುವ ಗೇಟಿಗೆ ಫೋನ್ ಹಿಡಿದರೆ ಗೇಟ್ ತೆರೀಲಿಲ್ಲ. ಕೌಂಟರಿಗೆ ಓಡಿದೆ. ಪಾಸ್ ಸರಿ ಇದೆ, ಸೀಟ್ ಎಲ್ಲಿ ಅಂದರು.

ನಮ್ಮ ಗೋಲ್ ಗುಂಬಜ್ ಎಕ್ಸ್‌ಪ್ರೆಸ್‌ಗೆ ರಿಸರ್ವೇಶನ್ ಮಾಡಿಸಿದರೆ ಬೋಗಿ, ಬರ್ತ್ ನಂಬರ್ ಎಲ್ಲ ಟಿಕೆಟ್ಟಿನಲ್ಲೇ ಇರುತ್ತೆ ಅಲ್ವಾ? ಅದೇ ರೂಢಿ ತಲೆಯಲ್ಲಿತ್ತು. ಅಲ್ಲಿ ಪಾಸ್ ಅಂದರೆ ಪ್ರಯಾಣದ ಹಣ ಕಟ್ಟಿದ್ದೀರಿ ಅಂತ, ಅಷ್ಟೇ. ಫ್ರಾನ್ಸಿನ ಟಿಜಿವಿಯಂಥ ವೇಗದ ರೈಲಿಗೆ ಸೀಟ್ ಬೇರೆ ಕಾಯ್ದಿರಿಸಬೇಕು, ಅದಕ್ಕೆ ಬೇರೆ ದುಡ್ಡು. ಅದರಲ್ಲೂ ಪಾಸ್‌ನವರಿಗೆ ಅಂತ ಎತ್ತಿಟ್ಟಿರೋದು ಕೆಲವೇ ಸೀಟು, ನಮ್ಮ ತತ್ಕಾಲ್ ಕೋಟಾ ಥರ. ಅವು ಮುಗಿದರೆ ಮುಗೀತು. ರೈಲಿನಲ್ಲಿ ಬೇರೆ ಸೀಟ್ ಖಾಲಿ ಇದ್ದರೂ ಪಾಸ್ ದರಕ್ಕೆ ಕೊಡಲ್ಲ. ವೇಟಿಂಗ್ ಲಿಸ್ಟ್ ಇಲ್ಲ, ಆರ್‌ಎಸಿ ಇಲ್ಲ, ಹತ್ತಿ ಟಿಟಿಇ ಹತ್ತಿರ ಮಾತಾಡ್ತೀನಿ ಅನ್ನೋದಂತೂ ನಡೆಯಲ್ಲ. ಕೊನೆಗೆ ಪೂರ್ತಿ ಬೆಲೆಯ ಟಿಕೆಟ್ ತಗೊಂಡೆ, ಅದೂ ಅವತ್ತಿನ ದರಕ್ಕೆ. ಜೇಬಿನಲ್ಲಿ ಪಾಸ್ ಸುಮ್ನೆ ಕೂತಿತ್ತು.

"ಅಲ್ಲೋ ತಮ್ಮಾ, ಊರಾಗ ಇದ್ದಾಗನ ರೊಕ್ಕ ಕಟ್ಟಿದ್ದಿ, ಮತ್ಯಾಕ ಕೊಟ್ಟಿ?" ಅಂತ ಅವ್ವ ಜಿನೀವಾ ಬರೋವರೆಗೂ ಬಿಡಲಿಲ್ಲ.

ಪಾಸ್‌ನ ಲಾಭ ಇರೋದು ಮನಸ್ಸು ಬಂದ ಕಡೆ ಇಳಿಯೋರಿಗೆ. ವಯಸ್ಸಾದವರು ಜೊತೆಗಿದ್ದಾರೆ, ಷೆಂಗೆನ್ ವೀಸಾಕ್ಕೆ ಹೋಟೆಲ್ ಬುಕಿಂಗ್ ಸಮೇತ ಪ್ರವಾಸದ ಪಟ್ಟಿ ಕೊಡ್ತೀರಿ. ಇನ್ನೆಲ್ಲಿಯ ಮನಸ್ಸು? ತಾರೀಖು ಗೊತ್ತಿದ್ದ ಮೇಲೆ ಒಂದೊಂದು ರೈಲಿಗೂ ಬಿಡಿಬಿಡಿಯಾಗಿ ಟಿಕೆಟ್ ತಗೊಳ್ಳಿ, ಬೇಗ ತಗೊಳ್ಳಿ. ಟಿಜಿವಿಯಲ್ಲಿ ಕಡಿಮೆ ದರದ ಟಿಕೆಟ್ ಮೊದಲು ಖಾಲಿಯಾಗುತ್ತೆ, ವಿಮಾನದಲ್ಲಿ ಆಗೋದೂ ಅದೇ ತಾನೆ.

ಇಟಲಿಯ ವೇಗದ ರೈಲುಗಳಲ್ಲಿ ಟಿಕೆಟ್ ಜೊತೆಗೇ ಸೀಟ್ ಬರುತ್ತೆ, ಆರಾಮ. ಅಲ್ಲಿ ಎರಡು ಕಂಪನಿ, ಟ್ರೆನಿಟಾಲಿಯಾ ಮತ್ತು ಇಟಾಲೊ. ಯೂರೇಲ್ ಪಾಸ್ ಇಟಾಲೊದಲ್ಲಿ ನಡೆಯಲ್ಲ. ಸಣ್ಣ ಊರಿನ ಪ್ಯಾಸೆಂಜರ್ ರೈಲಿಗೆ ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮೊದಲು ನಿಲ್ದಾಣದ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಿ. ಮರೆತರೆ ದಂಡ.

ಸ್ವಿಟ್ಜರ್ಲೆಂಡಿನಲ್ಲೇ ಹೆಚ್ಚು ದಿನ ಇರ್ತೀರಿ ಅಂದ್ರೆ ಮಾತ್ರ ಸ್ವಿಸ್ ಟ್ರಾವೆಲ್ ಪಾಸ್ ಬಗ್ಗೆ ಯೋಚಿಸಿ. 3, 4, 6, 8, 15 ದಿನದ್ದು ಸಿಗುತ್ತೆ. ರೈಲು, ಬಸ್ಸು, ದೋಣಿ ಹೆಚ್ಚಿನವಕ್ಕೆ ಆಗುತ್ತೆ. ಮಾಮೂಲಿ ರೈಲಿಗೆ ಸೀಟ್ ಕಾಯ್ದಿರಿಸೋದೇ ಬೇಕಿಲ್ಲ. ಗ್ಲೇಸಿಯರ್ ಎಕ್ಸ್‌ಪ್ರೆಸ್‌ನಂಥ ಕೆಲವು ಪ್ರವಾಸಿ ರೈಲಿಗೆ ಮಾತ್ರ ಬೇಕು, ಅದಕ್ಕೆ ಪಾಸ್ ಇದ್ದರೂ ಬೇರೆ ದುಡ್ಡು.

ಇನ್ನೊಂದು. ಟಿಜಿವಿಗಳಲ್ಲಿ ಡಬಲ್ ಡೆಕ್ಕರ್ ಜಾಸ್ತಿ. ಬುಕ್ ಮಾಡುವಾಗ ಅಪ್ಪ-ಅಮ್ಮನಿಗೆ ಕೆಳಗಿನ ಅಂತಸ್ತಿನ ಸೀಟೇ ಆರಿಸಿ. ಮೆಟ್ಟಿಲು ಇಕ್ಕಟ್ಟು, ಸೂಟ್‌ಕೇಸ್ ನೀವೇ ಹೊರಬೇಕು.