ಸಿಡುಕುವ ಮಗ, ನಾಲ್ಕೂವರೆ ಗಂಟೆ ನಿದ್ದೆ

ಪ್ರಶ್ನೆ: ಮಗ ದ್ವಿತೀಯ ಪಿಯುಸಿ. ಮಲಗುವುದು ರಾತ್ರಿ ಒಂದಕ್ಕೆ, ಟ್ಯೂಷನ್‌ಗೆಂದು ಏಳುವುದು ಐದೂವರೆಗೆ. ಭಾನುವಾರ ಮಧ್ಯಾಹ್ನದವರೆಗೂ ಮಲಗಿರುತ್ತಾನೆ. ಈಚೆಗೆ ಮಾತುಮಾತಿಗೂ ಸಿಡುಕು, ಸುಮ್ಮಸುಮ್ಮನೆ ಅಳು. ಇದು ಖಿನ್ನತೆಯೇ?
– ಓದುಗರು, ಹಾಸನ

ಉತ್ತರ: ಬರೀ ನಿದ್ದೆಗೇಡೂ ಇರಬಹುದು, ಖಿನ್ನತೆಯೂ ಇರಬಹುದು, ಒಂದು ಇನ್ನೊಂದನ್ನು ಹೆಚ್ಚಿಸುತ್ತದೆ. 13ರಿಂದ 18ರ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಅದು ಕಡಿಮೆಯಾದರೆ ಮಿದುಳಿನಲ್ಲಿ ಭಯ, ಸಿಟ್ಟಿಗೆ ಸ್ಪಂದಿಸುವ ಅಮಿಗ್ಡಲಾ ಕೆರಳುತ್ತದೆ, ಅದನ್ನು ಹಿಡಿದಿಡುವ ಮುಂಭಾಗದ ಹಿಡಿತ ಸಡಿಲಾಗುತ್ತದೆ. ಸೋಮಾರಿ ಎಂದು ಬೈಯಬೇಡಿ. ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ಈ ವಯಸ್ಸಿನಲ್ಲಿ ಒಸರುವುದೇ ತಡವಾಗಿ.

ಹಾಗಾಗಿ ಒಂಬತ್ತಕ್ಕೇ ಮಲಗು ಎಂದರೆ ಹೊರಳಾಡುತ್ತಾನೆ, ಅಷ್ಟೆ. ಮೂರು ದಿನಕ್ಕೊಮ್ಮೆ 15 ನಿಮಿಷ ಮೊದಲು ಮಲಗಿಸುತ್ತಾ ಬನ್ನಿ. ಮಧ್ಯಾಹ್ನ ಮೂರರ ನಂತರ ಕಾಫಿ, ಟೀ ಬೇಡ. ಫೋನ್ ಚಾರ್ಜಿಗೆ ಹಾಕುವುದು ಹಾಲ್‌ನಲ್ಲಿ, ನಿಮ್ಮದೂ ಸೇರಿ! ಭಾನುವಾರ ಏಳೂವರೆಗೆ ಎಬ್ಬಿಸಿ. ಮಧ್ಯಾಹ್ನದವರೆಗೆ ಮಲಗಿದರೆ ಅಂದಿನ ರಾತ್ರಿ ನಿದ್ದೆ ಇನ್ನೂ ತಡ. ಬೇಕಿದ್ದರೆ ಊಟದ ನಂತರ ಅರ್ಧ ಗಂಟೆ ಮಲಗಲಿ. ಆದರೂ ಹತ್ತೂವರೆಗೆ ಮಲಗಿ ಐದೂವರೆಗೆ ಎದ್ದರೆ ಏಳೇ ಗಂಟೆ. ನಿಜವಾದ ಅಡ್ಡಿ ಆ ಬೆಳಗಿನ ಟ್ಯೂಷನ್. ಸಂಜೆಯ ಬ್ಯಾಚ್ ಕೇಳಿ.

ಎರಡು ವಾರ ದಾಟಿದರೂ ಮಂಕು ಹೋಗದಿದ್ದರೆ, ಆಟ, ಗೆಳೆಯರು ಬೇಡವಾದರೆ ಮನೋವೈದ್ಯರಿಗೆ ತೋರಿಸಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಮೆಡಿಕಲ್ ಶಾಪ್‌ನಿಂದ ನೀವೇ ನಿದ್ದೆ ಮಾತ್ರೆ ತಂದು ಕೊಡಬೇಡಿ.