ಬೆಂಗಳೂರಿನ ಹವಾಮಾನ ಯೋಜನೆಯಲ್ಲಿ ಮೊದಲು ಏನನ್ನು ತಿದ್ದಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: 2023ರಲ್ಲಿ ಬಿಬಿಎಂಪಿ ಒಂದು ಹವಾಮಾನ ಕ್ರಿಯಾ ಯೋಜನೆ ತಂದಿತು. ಈಗ ಬಿಬಿಎಂಪಿಯೇ ಇಲ್ಲ. ಹಾಗಾದರೆ ಆ ಯೋಜನೆಯನ್ನು ಹೊಸದಾಗಿ ಬರೆಯಬೇಕಾ, ಅಲ್ಲಲ್ಲಿ ತಿದ್ದಿದರೆ ಸಾಕಾ, ಎಲ್ಲಿಂದ ಶುರು ಮಾಡಬೇಕು?

ತಿದ್ದಲೇಬೇಕು. ಪರಿಷ್ಕರಣೆ ಅಂದ ಕೂಡಲೇ ಎಲ್ಲರ ಕೈ ಹೋಗುವುದು ಕಾರ್ಯಕ್ರಮಗಳ ಪಟ್ಟಿಗೆ. ಇನ್ನಷ್ಟು ಇ-ಬಸ್ಸು, ಇನ್ನಷ್ಟು ಗಿಡ, ಇನ್ನಷ್ಟು ಸೋಲಾರ್. ನಾನು ಇಂಗಾಲದ (ಅಂದರೆ ಇಂಗಾಲದ ಡೈಆಕ್ಸೈಡ್‌ನ) ಲೆಕ್ಕ ಹಾಕುವ ಕೆಲಸದವನು, ಹಾಗಾಗಿ ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ: ಲೆಕ್ಕ ಮೊದಲು, ಪಟ್ಟಿ ಆಮೇಲೆ. ನಗರ ತಾನೇ ಕೆಲಸ ಮಾಡಿ ಇಂಗಾಲ ಕಡಿಮೆ ಮಾಡಿದ್ದು ಎಷ್ಟು, ನಗರ ಕೈ ಹಾಕದೆಯೇ ಕಡಿಮೆಯಾಗಿದ್ದು ಎಷ್ಟು ಅಂತ ಬೇರೆ ಮಾಡದಿದ್ದರೆ ಆ ಪಟ್ಟಿಯಲ್ಲಿ ಯಾವುದು ಕೆಲಸ ಮಾಡಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಯೋಜನೆ ಬಿಡುಗಡೆಯಾಗಿದ್ದು 2023ರ ನವೆಂಬರ್‌ನಲ್ಲಿ. ಸಿ40 ನಗರಗಳ ಒಕ್ಕೂಟ ಮತ್ತು ಡಬ್ಲ್ಯೂಆರ್‌ಐ ಇಂಡಿಯಾ ಅನ್ನುವ ಸಂಶೋಧನಾ ಸಂಸ್ಥೆ ತಾಂತ್ರಿಕ ನೆರವು ಕೊಟ್ಟಿದ್ದವು. 2050ಕ್ಕೆ ನೆಟ್ ಝೀರೋ ಗುರಿ, ಅಂದರೆ ಬಿಡುವ ಇಂಗಾಲವನ್ನು ಆದಷ್ಟು ಇಳಿಸಿ, ಉಳಿದಷ್ಟನ್ನು ಹೀರಿ ಸರಿದೂಗಿಸುವುದು. ಕಟ್ಟಡ ಮತ್ತು ವಿದ್ಯುತ್, ಸಾರಿಗೆ, ಕಸ, ನೀರು ಹೀಗೆ ಏಳು ವಿಭಾಗ. ದಾಖಲೆ ಕೆಟ್ಟದ್ದೇನಲ್ಲ, ಪುರುಸೊತ್ತಾದಾಗ ಓದಿ.

ಆಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಅಣ್ಣತಮ್ಮಂದಿರು ಪಾಲಾಗುವಾಗ ಸೈಟು, ಮನೆಯನ್ನು ಇಂಚು ಬಿಡದೆ ಅಳೆಯುತ್ತಾರೆ, ಸಾಲದ ಮಾತು ಬಂದಾಗ ಎಲ್ಲರೂ ಸುಮ್ಮನಾಗುತ್ತಾರೆ, ಅಲ್ವಾ? ಹೊಗೆಯ ಲೆಕ್ಕಕ್ಕೂ ಅದೇ ಗತಿ ಆಗಬಾರದು. ಐದೂ ಪಾಲಿಕೆಗಳು ಸದ್ಯ ಹಳೇ ಬಿಬಿಎಂಪಿ ಗಡಿಯೊಳಗೇ ಹುಟ್ಟಿವೆ. ನಾಳೆ ಅಂಚಿನ ಊರುಗಳನ್ನು ಸೇರಿಸಿದರೆ? 2007ರಲ್ಲಿ ಹಾಗೇ ಆಗಿತ್ತು. ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಒಟ್ಟಿಗೆ ಬಂದು ಸೇರಿದವು. ಮುಂದೆ ಜಿಗಣಿ, ಬೊಮ್ಮಸಂದ್ರದಂಥ ಕಾರ್ಖಾನೆ ಪ್ರದೇಶ ಒಳಗೆ ಬಂದರೆ ಆ ವರ್ಷ ನಗರದ ಹೊರಸೂಸುವಿಕೆ ದಿಢೀರ್ ಏರುತ್ತದೆ. ಯಾರೂ ಹೆಚ್ಚು ಹೊಗೆ ಬಿಟ್ಟಿರುವುದಿಲ್ಲ, ನಕ್ಷೆ ಬದಲಾಗಿರುತ್ತದೆ ಅಷ್ಟೆ.

ಇದಕ್ಕೆ ದಾರಿ ಇದೆ. ನಗರಗಳ ಹಸಿರುಮನೆ ಅನಿಲದ ಲೆಕ್ಕಕ್ಕೆ 2014ರಿಂದ ಜಿಪಿಸಿ ಅನ್ನುವ ಅಂತಾರಾಷ್ಟ್ರೀಯ ಪದ್ಧತಿ ಇದೆ. ಗಡಿಯೋ ಲೆಕ್ಕದ ವಿಧಾನವೋ ದೊಡ್ಡದಾಗಿ ಬದಲಾದರೆ ಮೂಲ ವರ್ಷದ (ಮುಂದಿನ ವರ್ಷಗಳನ್ನು ಹೋಲಿಸಲು ಇಟ್ಟುಕೊಂಡ ವರ್ಷದ) ಲೆಕ್ಕವನ್ನೂ ಹೊಸ ಗಡಿಗೆ ಹೊಂದಿಸಿ ಮತ್ತೆ ಹಾಕಬೇಕು ಅನ್ನುತ್ತದೆ ಅದು. ಬೇಜಾರಿನ ಕೆಲಸ, ಫೋಟೋಗೂ ಸಿಗುವುದಿಲ್ಲ. ಹಾಗಾಗಿ ಬಿಟ್ಟುಹೋಗುವ ಸಾಧ್ಯತೆ ಜಾಸ್ತಿ. ಮೂಲ ವರ್ಷವನ್ನೇ ಬದಲಿಸಿಬಿಡೋಣ ಅಂತ ಯಾರಾದರೂ 2020ರ ಕಡೆ ಬೆರಳು ತೋರಿಸಿದರೆ ಮಾತ್ರ ಒಪ್ಪಬೇಡಿ. ಲಾಕ್‌ಡೌನ್ ವರ್ಷಕ್ಕೆ ಹೋಲಿಸಿದರೆ ಮುಂದಿನ ಯಾವ ವರ್ಷವೂ ಕೆಟ್ಟದಾಗಿಯೇ ಕಾಣುತ್ತದೆ.

ಎರಡನೆಯದು ಕರೆಂಟು. ದೊಡ್ಡ ಗೊಂದಲ ಇರುವುದೇ ಇಲ್ಲಿ. ಮುಂಬೈ 2022ರಲ್ಲಿ ತನ್ನ ಯೋಜನೆ ತಂದಾಗ 2019ರ ಲೆಕ್ಕ ಕೊಟ್ಟಿತ್ತು: ಒಟ್ಟು 2.34 ಕೋಟಿ ಟನ್ ಹಸಿರುಮನೆ ಅನಿಲ, ಅದರಲ್ಲಿ ಶೇ. 72ರಷ್ಟು ಬಂದದ್ದು ವಿದ್ಯುತ್ ಮತ್ತು (ಸಾರಿಗೆಯದ್ದನ್ನು ಬಿಟ್ಟು) ಇಂಧನ ಬಳಕೆಯಿಂದ. ಗಾಡಿಗಳ ಹೊಗೆ ಕಣ್ಣಿಗೆ ಕಾಣುತ್ತದೆ, ಬೈಯುವುದಕ್ಕೂ ಸುಲಭ. ಮೀಟರಿನ ಹಿಂದಿರುವ ಕಲ್ಲಿದ್ದಲು ಕಾಣುವುದಿಲ್ಲ.

ಒಂದು ಯೂನಿಟ್ ಕರೆಂಟಿಗೆ ಎಷ್ಟು ಇಂಗಾಲ ಅನ್ನುವ ಅಂಕಿಯನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ ಕೊಡುತ್ತದೆ. ಈಚಿನ ವರ್ಷಗಳಲ್ಲಿ ಅದು ಯೂನಿಟ್ಟಿಗೆ ಸುಮಾರು 0.7 ಕಿಲೋ. ಇದು ಇಡೀ ದೇಶಕ್ಕೆ ಒಂದೇ, ಏಕೆಂದರೆ ಗ್ರಿಡ್ ಒಂದೇ. 2013ರ ಕೊನೆಗೆ ರಾಯಚೂರು–ಸೊಲ್ಲಾಪುರ ಲೈನ್ ಚಾಲೂ ಆದಾಗ ದಕ್ಷಿಣದ ಗ್ರಿಡ್ ಉಳಿದದ್ದಕ್ಕೆ ಸೇರಿಕೊಂಡಿತು. ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ ಅಂತ ನಾವು ಎಷ್ಟೇ ಹೆಮ್ಮೆಪಟ್ಟರೂ ಈ ಅಂಕಿ ಬಳಸಿದರೆ ಮಲ್ಲೇಶ್ವರದ ಮನೆಗೂ ಪಟ್ನಾದ ಮನೆಗೂ ಅದೇ 0.7.

ಈಗ ತಿಂಗಳಿಗೆ 150 ಯೂನಿಟ್ ಬಳಸುವ ಮನೆ ತಗೊಳ್ಳಿ. 105 ಕಿಲೋ ಇಂಗಾಲ. ಮುಂದೊಂದು ದಿನ ದೇಶದ ಗ್ರಿಡ್ 0.5ಕ್ಕೆ ಇಳಿದರೆ ಅದೇ ಮನೆಯ ಲೆಕ್ಕ 75 ಕಿಲೋ. ಮನೆಯವರು ಒಂದು ಬಲ್ಬೂ ಬದಲಿಸಿಲ್ಲ, ಪಾಲಿಕೆಯೂ ಏನೂ ಮಾಡಿಲ್ಲ, ಆದರೂ ಶೇ. 28ಕ್ಕಿಂತ ಜಾಸ್ತಿ ಇಳಿಕೆ! ಪರಿಷ್ಕೃತ ಯೋಜನೆಯಲ್ಲಿ ಇದಕ್ಕೆ ಬೇರೆ ಕಾಲಂ ಇರಲೇಬೇಕು. ಇಲ್ಲದಿದ್ದರೆ ರಾಜಸ್ಥಾನದ ಸೋಲಾರಿಗೂ ತಮಿಳುನಾಡಿನ ಗಾಳಿಗೂ ಸಲ್ಲಬೇಕಾದ ಶಹಬ್ಬಾಸ್ ನಮ್ಮ ಪಾಲಿಕೆಗೆ ಸಿಗುತ್ತದೆ. (ಗೃಹಜ್ಯೋತಿಯಿಂದ ಬಿಲ್ ಸೊನ್ನೆ ಬರುವವರಿಗೆ ತಾರಸಿ ಮೇಲೆ ಸೋಲಾರ್ ಹಾಕಿಸಿ ಅಂತ ಹೇಗೆ ಒಪ್ಪಿಸುವುದು ಅನ್ನುವುದು ಬೇರೆಯದೇ ತಲೆನೋವು. ಯೋಜನೆ ಬರೆಯುವವರು ಅದನ್ನು ನೇರವಾಗಿ ಎದುರಿಸಬೇಕು.)

ಇನ್ನು ನೀರು. ನನ್ನನ್ನು ಕೇಳಿದರೆ ಬೆಂಗಳೂರನ್ನು ಬೇರೆ ನಗರಗಳಿಂದ ಬೇರೆ ಮಾಡುವುದು ಇದೇ. ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿ ದಾಟಿ, ಹತ್ತಿರ ಹತ್ತಿರ 100 ಕಿ.ಮೀ. ಬರುತ್ತದೆ. ದೂರಕ್ಕಿಂತ ಎತ್ತರ ಮುಖ್ಯ, ಸುಮಾರು 500 ಮೀಟರ್ ಮೇಲಕ್ಕೆ ಎತ್ತಬೇಕು. ಸಾವಿರ ಲೀಟರನ್ನು ಅಷ್ಟು ಎತ್ತಲು ಬರೀ ಭೌತಶಾಸ್ತ್ರದ ಲೆಕ್ಕದಲ್ಲೇ 1.36 ಯೂನಿಟ್ ಬೇಕು. ಪಂಪು, ಮೋಟರು, ಪೈಪಿನ ನಷ್ಟ ಸೇರಿಸಿ 2 ಯೂನಿಟ್ ಅಂತ ಇಟ್ಟುಕೊಳ್ಳಿ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆ ಆಯಿತು. ಹಳೆಯ 145 ಕೋಟಿ ಲೀಟರಿಗೆ ದಿನಕ್ಕೆ 77.5 ಕೋಟಿ ಲೀಟರ್ ಸೇರಿತು. ಎಲ್ಲವೂ ಪೂರ್ತಿ ಓಡಿದರೆ ದಿನಕ್ಕೆ ಸುಮಾರು 44 ಲಕ್ಷ ಯೂನಿಟ್, ಅಂದರೆ 3,000 ಟನ್ನಿನಷ್ಟು ಇಂಗಾಲ. ಇದು ನನ್ನ ಒರಟು ಲೆಕ್ಕ, ಜಲಮಂಡಳಿಯದ್ದಲ್ಲ. ಆದರೂ ಅಳತೆಯ ಅಂದಾಜು ಸಿಗುತ್ತದೆ.

ಇದನ್ನೇ ಮನೆ ಮಟ್ಟಕ್ಕೆ ಇಳಿಸಿ ನೋಡಿ. ನಾಲ್ಕು ಜನರ ಮನೆ, ತಲೆಗೆ ದಿನಕ್ಕೆ 135 ಲೀಟರ್. ತಿಂಗಳಿಗೆ 16 ಸಾವಿರ ಲೀಟರ್. ನಿಮ್ಮ ಮೀಟರಿನಲ್ಲಿ ಎಲ್ಲೂ ಕಾಣದ 32 ಯೂನಿಟ್ ಕರೆಂಟು ನಿಮ್ಮ ನಲ್ಲಿಗಾಗಿ ಖರ್ಚಾಗುತ್ತಿದೆ. ಬರುವ ನೀರಿನಲ್ಲಿ ಕಾಲುಭಾಗದಷ್ಟು ಲೆಕ್ಕಕ್ಕೇ ಸಿಗದೆ ಹೋಗುತ್ತದೆ. ಸೋರಿ ಮಣ್ಣಿಗೆ ಇಳಿದ ನೀರೂ ಆ 500 ಮೀಟರ್ ಹತ್ತಿಯೇ ಬಂದಿರುತ್ತದೆ. ಹಾಗಾಗಿ ಹಳೇ ಪೈಪ್ ರಿಪೇರಿ ಅನ್ನುವುದು ನೀರಿನ ಅಧ್ಯಾಯದ ಜೊತೆಗೆ ಇಂಗಾಲದ ಅಧ್ಯಾಯದಲ್ಲೂ ಮೊದಲ ಸಾಲಿನಲ್ಲಿ ಇರಬೇಕಾದ ಕೆಲಸ.

ತಮಾಷೆ ಏನೆಂದರೆ, ಈ ಪಂಪುಗಳು ಇರುವುದು ನಗರದ ಗಡಿಯ ಹೊರಗೆ. ಜಿಪಿಸಿಯ ಮೂಲ ಲೆಕ್ಕದಲ್ಲಿ ಅವುಗಳ ಕರೆಂಟನ್ನು ಸೇರಿಸಲೇಬೇಕು ಅಂತಿಲ್ಲ. ಸೇರಿಸಿದರೆ ನಗರದ ಅಂಕಿ ಏರುತ್ತದೆ, ಹಾಗಾಗಿ ಯಾರಿಗೂ ಉತ್ಸಾಹ ಇರುವುದಿಲ್ಲ. ಸೇರಿಸಲೇಬೇಕು ಅಂತ ನಾನು ವಾದ ಮಾಡುತ್ತೇನೆ. ತಗ್ಗಿಸಲು ನಮ್ಮ ಕೈಯಲ್ಲೇ ದಾರಿ ಇರುವ ದೊಡ್ಡ ಬಾಬ್ತನ್ನು ಗಡಿಯ ನೆಪದಲ್ಲಿ ಹೊರಗಿಡುವುದು ಯಾವ ಜಾಣತನ?

ಸಾರಿಗೆ ಬಗ್ಗೆ ಒಂದೇ ಮಾತು. ಎಷ್ಟು ಇ-ಬಸ್ ಖರೀದಿ ಆಯಿತು ಅನ್ನುವುದಕ್ಕಿಂತ ಎಷ್ಟು ಲೀಟರ್ ಪೆಟ್ರೋಲು, ಡೀಸೆಲ್ಲು ಖರ್ಚಾಗುವುದು ನಿಂತಿತು ಅನ್ನುವುದನ್ನು ನೋಡಿ. ಲೀಟರ್ ಪೆಟ್ರೋಲಿಗೆ ಸುಮಾರು 2.3 ಕಿಲೋ ಇಂಗಾಲ, ಡೀಸೆಲ್ಲಿಗೆ 2.7. ಹಳದಿ ಮಾರ್ಗದ ಮೆಟ್ರೋ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಅದರಲ್ಲಿ ಬರುವವರು ಬೈಕ್ ಬಿಟ್ಟು ಬಂದವರಾ, ಬಸ್ ಬಿಟ್ಟು ಬಂದವರಾ? ಇಂಗಾಲದ ಲೆಕ್ಕದಲ್ಲಿ ಎರಡಕ್ಕೂ ಭಾರೀ ವ್ಯತ್ಯಾಸ ಇದೆ.

ದೊಡ್ಡ ಗುರಿಗಳ ವಿಷಯಕ್ಕೆ ಬಂದರೆ ಕೋಪನ್‌ಹೇಗನ್ ಕಥೆ ಗೊತ್ತಿರಲಿ. 2025ಕ್ಕೆ ಇಂಗಾಲ ಸೊನ್ನೆ ಅಂತ 2012ರಲ್ಲೇ ಯೋಜನೆ ಮಾಡಿದ ಊರು. ಬಹಳಷ್ಟು ಸಾಧಿಸಿತು ಕೂಡ. ಆದರೆ ಕೊನೆಯ ದೊಡ್ಡ ಪಾಲನ್ನು ಕಸ ಸುಡುವ ಸ್ಥಾವರದ ಹೊಗೆಯಿಂದ ಇಂಗಾಲ ಹಿಡಿದಿಡುವ ಒಂದೇ ಯಂತ್ರದ ಮೇಲೆ ಹೊರಿಸಿತ್ತು. ಅದಕ್ಕೆ ಸರ್ಕಾರದ ಹಣ ಸಿಗಲಿಲ್ಲ. 2022ರಲ್ಲಿ ಗುರಿ ಮುಟ್ಟುವುದಿಲ್ಲ ಅಂತ ಊರೇ ಒಪ್ಪಿಕೊಂಡಿತು. ನಮ್ಮ 2050ರ ಗುರಿಯಲ್ಲೂ ಹಾಗೆ ಒಂದೇ ಕಂಬಕ್ಕೆ ಆತುಕೊಂಡದ್ದು ಏನಿದೆ ಅಂತ ಹುಡುಕುವುದು ಪರಿಷ್ಕರಣೆ ಮಾಡುವವರ ಕೆಲಸ.

ಕೊನೆಗೆ, ಯಾರು ಮಾಡಬೇಕು? ಕರೆಂಟು ಬೆಸ್ಕಾಂ ಕೈಯಲ್ಲಿ, ನೀರು ಜಲಮಂಡಳಿ ಕೈಯಲ್ಲಿ, ಬಸ್ಸು ಬಿಎಂಟಿಸಿ, ರೈಲು ಬಿಎಂಆರ್‌ಸಿಎಲ್. ಐದು ಪಾಲಿಕೆಗಳ ಕೈಯಲ್ಲಿ ಉಳಿಯುವುದು ರಸ್ತೆ, ಪಾರ್ಕು, ಕಟ್ಟಡ ಪರವಾನಗಿ, ಸ್ವಲ್ಪ ಕಸ. ಹಾಗಾಗಿ ಇಡೀ ನಗರಕ್ಕೆ ಒಂದೇ ಲೆಕ್ಕ ಪ್ರಾಧಿಕಾರದ ಮಟ್ಟದಲ್ಲಿ ಇರಲಿ. ಈ ಸಂಸ್ಥೆಗಳ ಮುಖ್ಯಸ್ಥರು ಸದಸ್ಯರಾಗಿ ಕೂರುವುದು ಅಲ್ಲೇ. ಐದು ಪಾಲಿಕೆ ಐದು ಪ್ರತ್ಯೇಕ ನೆಟ್ ಝೀರೋ ಪುಸ್ತಕ ಅಚ್ಚು ಹಾಕಿಸಿದರೆ ಪ್ರಿಂಟಿಂಗ್ ಪ್ರೆಸ್ಸಿಗೆ ಮಾತ್ರ ಲಾಭ.

ನೀವೇ ಏನಾದರೂ ಮಾಡಬೇಕು ಅನಿಸಿದರೆ ಒಂದು ಆರ್‌ಟಿಐ ಹಾಕಿ. ಪ್ರತಿ ಪಂಪಿಂಗ್ ಸ್ಟೇಷನ್ ತಿಂಗಳಿಗೆ ಬಳಸಿದ ಯೂನಿಟ್ ಎಷ್ಟು, ಎತ್ತಿದ ನೀರು ಎಷ್ಟು ಅಂತ ಜಲಮಂಡಳಿಗೆ ಕೇಳಿ. ರೂಪಾಯಿಯಲ್ಲಿ ಕೇಳಬೇಡಿ, ದರ ಬದಲಾಗುತ್ತಲೇ ಇರುತ್ತದೆ, ಹೋಲಿಸಲು ಆಗುವುದಿಲ್ಲ. ಉತ್ತರ ಬಂದರೆ ಇಲ್ಲೇ ಹಾಕಿ, ನನ್ನ ಆ 2 ಯೂನಿಟ್ ಅಂದಾಜನ್ನು ಸರಿಮಾಡಿಕೊಳ್ಳುತ್ತೇನೆ.